ಮೈಕಿನವರು ದಿವಾಳಿ ಸಾರಿದ್ದು

ಕೋರ್ಟಿನಲ್ಲಿ ವಾಯಿದೆ ಕೇಳದೆ, ಹೇಳಿದ ಹೊತ್ತಿಗೆ ತಪ್ಪದೆ ಹಾಜರಾಗುವುದು ನಗು ಒಂದೇ. ಪುತ್ತೂರು ಕೋರ್ಟಿನ ಜಗಲಿಯಲ್ಲಿ ವರ್ಷಗಟ್ಟಲೆ ಕೂತು ನಾನು ಕಂಡುಕೊಂಡ ಸತ್ಯ ಇದು.

ನಾನು ವಕೀಲನಲ್ಲ. ಸಾಲ ವಸೂಲಿಯ ಹೆಸರಿನಲ್ಲಿ ಮನೆಯಂಗಳಕ್ಕೆ ಬಂದು ಹೆಂಗಸರು ಮಕ್ಕಳ ಎದುರು ಬೊಬ್ಬೆ ಹೊಡೆಯುವವರ ವಿರುದ್ಧ ಬೊಬ್ಬೆ ಹೊಡೆಯುವುದು ನನ್ನ ಕೆಲಸ. ಅದಕ್ಕೆ ಸಂಬಳ ಇಲ್ಲ, ಶತ್ರುಗಳು ಇದ್ದಾರೆ. ಕಾನೂನು ಕಲಿತದ್ದು ಪುತ್ತೂರು ಸುಳ್ಯ ಬಸ್ಸಿನ ಹಿಂದಿನ ಸೀಟಿನಲ್ಲಿ. ಹಾಗಾಗಿ ಕೆಲವು ಕಲಂಗಳು ನನ್ನ ತಲೆಯಲ್ಲಿ ಈಗಲೂ ಕುಲುಕುತ್ತಲೇ ಇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ದಿವಾಳಿಯಾಗುವುದಕ್ಕೂ ಮೇಲು ಕೀಳು ಉಂಟು. ದೊಡ್ಡ ಕಂಪೆನಿ ಮುಳುಗಿದರೆ ಅದಕ್ಕೆ ಹೊಸ ಕಾನೂನು, ತಂಪು ಕೋಣೆ, ನೀರಿನ ಬಾಟ್ಲಿ ಇಟ್ಟ ಉದ್ದ ಮೇಜು. ಸಾಲ ಕೊಟ್ಟ ಬ್ಯಾಂಕಿನವರೇ ಸುತ್ತ ಕೂತು, ‘ಇಷ್ಟನ್ನು ಬಿಟ್ಟುಬಿಡುವ’ ಎಂದು ಕೈಯೆತ್ತುತ್ತಾರೆ. ಕಡಬದ ಒಬ್ಬ ಮೈಕಿನವ ಮುಳುಗಿದರೆ ಅವನಿಗೆ ಬ್ರಿಟಿಷರ ಕಾಲದ ಹಳೆಯ ಕಾನೂನೇ ಗತಿ. ಹೊಸ ಕಾನೂನಿನಲ್ಲಿ ಸಾಮಾನ್ಯ ಮನುಷ್ಯರ ಬಗ್ಗೆಯೂ ಬರೆದಿದ್ದಾರೆ. ಬರೆದದ್ದು ಅವನಂಥವರಿಗೆ ಇನ್ನೂ ಜಾರಿಗೆ ಬಂದಿಲ್ಲ. ಇದನ್ನು ಯಾವ ಸಭೆಯಲ್ಲಿ ಹೇಳಹೊರಟರೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆದರೆ ಮೈಕಿನವರ ಕೇಸು ನೆನಪಾದರೆ ಸಿಟ್ಟು ಅರ್ಧ ದಾರಿಯಲ್ಲೇ ಇಳಿದುಹೋಗುತ್ತದೆ. ಅದನ್ನೇ ಬರೆಯುತ್ತೇನೆ.

ಫೀಸು

ಕಡಬದ ಸುತ್ತಮುತ್ತ ಮದುವೆ, ಯಕ್ಷಗಾನ, ಕಬಡ್ಡಿ ಪಂದ್ಯ, ಪಂಚಾಯತ್ ಎಲೆಕ್ಷನ್ ಯಾವುದೇ ಇರಲಿ, ಧ್ವನಿವರ್ಧಕವೂ ಅವರದ್ದೇ, ಧ್ವನಿಯೂ ಅವರದ್ದೇ. ಆದ್ದರಿಂದ ಅವರಿಗೆ ಮೈಕಿನವರು ಎಂದೇ ಹೆಸರು. ಪಕ್ಕದ ಊರಿನ ಮೈಕಿನವನ ಮೇಲೆ ಪೈಪೋಟಿಗೆ ಬಿದ್ದು, ಸಾಲ ಮಾಡಿ, ಆಳೆತ್ತರದ ಡಿಜೆ ಬಾಕ್ಸುಗಳನ್ನು ತಂದರು. ಬಾಕ್ಸು ಬಂದ ಮೇಲೆ ಪೊಲೀಸರು ‘ಅಷ್ಟು ಶಬ್ದ ಮಾಡುವ ಹಾಗಿಲ್ಲ’ ಎಂದರು. ಕಾರ್ಯಕ್ರಮ ಮಾಡಿಸಿದವರು ‘ಬಾಕಿ ಮುಂದಿನ ವರ್ಷ ಒಟ್ಟಿಗೆ ಕೊಡುವ’ ಎಂದರು. ಸಾಲ ಕೊಟ್ಟ ಫೈನಾನ್ಸಿನ ಯಜಮಾನ ಮಾತ್ರ ಮುಂದಿನ ವರ್ಷಕ್ಕೆ ಕಾಯುವ ಪೈಕಿ ಅಲ್ಲ. ಅವನ ಹುಡುಗರು ಮನೆಯೆದುರು ಬೈಕು ನಿಲ್ಲಿಸಿ ಕೂರತೊಡಗಿದಾಗ ಮೈಕಿನವರು ನನ್ನನ್ನು ಹುಡುಕಿಕೊಂಡು ಬಂದರು.

"ದಿವಾಳಿ ಅರ್ಜಿ ಹಾಕುವ" ಎಂದೆ. "ಇದ್ದದ್ದನ್ನು ಕೋರ್ಟಿನ ಕೈಗೆ ಕೊಡುದು. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆಲ್ಲ ಹಂಚ್ತಾರೆ. ಕೊನೆಗೆ ಕೋರ್ಟು ಬಿಡುಗಡೆ ಅಂತ ಆರ್ಡರ್ ಕೊಟ್ಟರೆ ಆಯಿತು, ನೀವು ಹೊಸ ಮನುಷ್ಯ."

"ಬಿಡುಗಡೆ ಸಿಗುವವರೆಗೆ?"

"ಅಷ್ಟರವರೆಗೆ ನೀವು ಹೊಸದಾಗಿ ಎಂತ ಮಾಡಿಕೊಂಡರೂ ಅದರ ಮೇಲೆ ಅವರ ಕಣ್ಣು, ಅವರ ಕೈ."

ಮೈಕಿನವರು ಹೇಳಿದರು, "ಹಾಗಾದರೆ ಆ ಬಿಡುಗಡೆ ಸಿಗಲೇಬೇಕು ಮಾರಾಯ್ರೆ. ಇಲ್ಲದಿದ್ದರೆ ನಾನು ಸಾಯುವವರೆಗೆ ಬೇರೆಯವರ ಮೈಕಿಗೆ ವಯರ್ ಎಳೆದುಕೊಂಡು ಇರ್ಬೇಕು."

ಮೊದಲು ಒಬ್ಬ ಹಿರಿಯ ವಕೀಲರ ಹತ್ತಿರ ಹೋದೆವು. ಮೈಕಿನವರು ತಮ್ಮ ಕಷ್ಟವನ್ನೆಲ್ಲ ಹೇಳಿದರು. ಅವರ ದನಿಯೇ ಅಂಥದ್ದು, ಹೊರಗೆ ಕೂತ ಬೇರೆ ಕಕ್ಷಿದಾರರೂ ಕಣ್ಣೊರೆಸಿಕೊಂಡರು. ವಕೀಲರೂ ನಿಟ್ಟುಸಿರು ಬಿಟ್ಟರು. ಕನ್ನಡಕ ತೆಗೆದರು. ಮತ್ತೆ ಹಾಕಿದರು.

"ಅಂದರೆ ನಿಮ್ಮ ಕೈಯಲ್ಲಿ ಒಂದು ಪೈಸೆ ಇಲ್ಲ."

"ಇಲ್ಲ ಸಾರ್."

"ಹುಟ್ಟುವ ದಾರಿಯೂ ಇಲ್ಲ."

"ಇಲ್ಲ ಸಾರ್."

"ಒಳ್ಳೇ ಕೇಸು. ಫೀಸು ಪೂರ್ತಿ ಮುಂಗಡ ಕೊಟ್ಟುಬಿಡಿ."

ಮೈಕಿನವರು ಬಹಳ ವಿನಯದಿಂದ ಕೇಳಿದರು: "ಫೀಸು ಕೊಟ್ಟರೆ ಕೊಡ್ಲಿಕ್ಕೆ ಉಂಟು ಅಂತ ಆಗಿ ಕೇಸು ಬೀಳ್ತದೆ. ಕೊಡದಿದ್ದರೆ ನೀವು ಕೇಸು ಹಾಕುದಿಲ್ಲ. ಯಾವುದು ಒಳ್ಳೇದು ಸಾರ್?"

ವಕೀಲರು ಸ್ವಲ್ಪ ಯೋಚಿಸಿ ಹೇಳಿದರು, "ಅದಕ್ಕೆ ಪ್ರತ್ಯೇಕ ಸಲಹೆ ಬೇಕು. ಅದರ ಫೀಸು ಬೇರೆ."

ಬಿಟ್ಟುಹೋದ ಭಾವ

ಕೊನೆಗೆ ಕೇಸು ಹಿಡಿದದ್ದು ಸುಳ್ಯದ ಕಡೆಯ ಒಬ್ಬ ಲಾಯರು ಮೇಡಂ. ಫೀಸು ನಿಧಾನಕ್ಕೆ ನೋಡುವ ಎಂದರು. ನನಗೆ ಮಾತ್ರ ಅವತ್ತೇ ಕಟ್ಟುನಿಟ್ಟಾಗಿ ಹೇಳಿದರು, "ನೀವು ಕೋರ್ಟಿನ ಒಳಗೆ ಬಾಯಿ ಮುಚ್ಚಿ ಕೂತರೆ ಅರ್ಧ ಕೇಸು ಗೆದ್ದ ಹಾಗೆ."

ಅರ್ಜಿಯ ಜೊತೆ ಸಾಲ ಕೊಟ್ಟವರ ಹೆಸರುಗಳನ್ನೆಲ್ಲ ಕೊಡಬೇಕು. ಮೈಕಿನವರು ಬರೆಸುತ್ತಾ ಹೋದರು. ಫೈನಾನ್ಸಿನವನ ಹೆಸರನ್ನು ಮೇಡಂ ಮೊದಲು ಬರೆದಾಗ ಇವರು ತಡೆದರು. "ಛೆ, ಬೇಡ ಮೇಡಂ. ತರ್ಪಾಲು ಬಾಡಿಗೆಗೆ ಕೊಡುವ ಹಾಜ್ಯಾರು ಹಜ್ಜಿಗೆ ಹೋಗಿ ಬಂದವರು, ವಯಸ್ಸಿನಲ್ಲಿ ಹಿರಿಯರು. ಅವರದ್ದು ಮೇಲೆ ಇರ್ಲಿ. ಈ ಫೈನಾನ್ಸಿನವ ಮೊನ್ನೆ ಬಂದವ."

ಮೇಡಂ ಪೆನ್ನು ಕೆಳಗಿಟ್ಟರು. "ಇದು ಮದುವೆ ಕಾಗದ ಅಲ್ಲ."

"ಅಲ್ಲ ಅಂತ ನನಗೂ ಗೊತ್ತುಂಟು. ಆದರೆ ಅವರಿಗೆ ಗೊತ್ತಿರ್ಬೇಕಲ್ಲ?"

ಮೇಡಂ ಹಾಜ್ಯಾರರನ್ನು ಮೇಲೆ ಹಾಕಿದರು. ಕಾನೂನಿಗೆ ಅದರಿಂದ ನಷ್ಟ ಇರಲಿಲ್ಲ. ನಷ್ಟ ಇದ್ದದ್ದು ಬೇರೆ ಕಡೆ. ಮಂಡೆಕೋಲು ಎಂಬ ಊರಿನ ಭಾವನ ಹತ್ತಿರವೂ ಇವರು ಸಾಲ ತೆಗೆದಿದ್ದರು. ಆ ಹೆಸರನ್ನು ಹೇಳಲೇ ಇಲ್ಲ. ಹೆಂಡತಿಯ ಅಣ್ಣನ ಹೆಸರನ್ನು ಕೋರ್ಟಿನಲ್ಲಿ ಜವಾನನ ಕೈಯಲ್ಲಿ ಕೂಗಿಸುವುದು ಮರ್ಯಾದೆಯ ಕೆಲಸವಾ? ಒಬ್ಬರನ್ನು ಬಿಟ್ಟರೂ ‘ಸುಳ್ಳು ಅರ್ಜಿ’ ಎಂದು ಫೈನಾನ್ಸಿನವ ಹಿಡಿದುಕೊಳ್ಳುತ್ತಾನೆ ಎಂದು ಮೇಡಂ ಹತ್ತು ಸಲ ಹೇಳಿದ್ದರು. ಇವರು ಹತ್ತು ಸಲವೂ ‘ಇಷ್ಟೇ’ ಎಂದಿದ್ದರು.

ವಾರದೊಳಗೆ ಭಾವ ಪುತ್ತೂರಿಗೆ ಬಂದರು. ಮೇಡಂ ಆಫೀಸಿನ ಬಾಗಿಲಲ್ಲೇ ನಿಂತು ಶುರುಮಾಡಿದರು. "ಊರಿನವರಿಗೆಲ್ಲ ಮದುವೆಗೆ ಕರೆದ ಹಾಗೆ ಹೇಳಿಕೆ ಹೋಗ್ತದಂತೆ. ನನಗೊಬ್ಬನಿಗೆ ಇಲ್ಲ. ನಾನು ಕೊಟ್ಟದ್ದು ಸಾಲ ಅಲ್ವಾ? ನಾನು ಸತ್ತಿದ್ದೇನಾ?"

"ಭಾವ, ಮರ್ಯಾದೆಗೆ ಅಂಜಿ ಬಿಟ್ಟದ್ದು..." ಎಂದರು ಮೈಕಿನವರು.

"ಬಿಟ್ಟದ್ದೇ ಮರ್ಯಾದೆ ತೆಗೆದದ್ದು! ಆ ಹಾಜ್ಯಾರರ ಹೆಸರು ಮೊದಲು ಉಂಟಂತೆ. ನನ್ನದು ಕೊನೆಗಾದರೂ ಬೇಡ್ವಾ?"

ಮೇಡಂ ಭಾವನ ಹೆಸರು ಸೇರಿಸಿ ತಿದ್ದುಪಡಿ ಅರ್ಜಿ ಹಾಕಿದರು. ಭಾವನಿಗೆ ಕೋರ್ಟಿನಿಂದ ರಿಜಿಸ್ಟರ್ಡ್ ನೋಟೀಸು ಹೋಯಿತು. ವಾಯಿದೆಯ ದಿನ ನೋಡುತ್ತೇವೆ, ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಪಕ್ಕದಲ್ಲಿ ಅವರ ಹೆಂಡತಿ ಪಟ್ಟೆಸೀರೆಯಲ್ಲಿ, ಹಿಂದೆ ಇನ್ನಿಬ್ಬರು. ಕೋರ್ಟು ಹಾಲಿನ ಮುಂದಿನ ಬೆಂಚಿನಲ್ಲಿ ಸಾಲಾಗಿ ಕೂತಿದ್ದಾರೆ.

ಆಗಿನ ಜಡ್ಜರು ಘಟ್ಟದ ಮೇಲಿನವರು. ಹೆಸರು ಕೂಗಿದಾಗ ಭಾವ ಎದ್ದು ಕೈ ಮುಗಿದರು. ಜಡ್ಜರು ಕೇಳಿದರು, "ಏನ್ರೀ, ಇವರನ್ನ ದಿವಾಳಿ ಅಂತ ಘೋಷಿಸೋದಕ್ಕೆ ನಿಮ್ಮ ವಿರೋಧ ಇದೆಯೇನ್ರೀ?"

"ವಿರೋಧ ಎಂತದ್ದು ಸ್ವಾಮಿ, ನಮ್ಮದೇ ಜನ. ಕರೆಯದೆ ಬರುವವರಲ್ಲ ನಾವು. ಕರೆದ ಮೇಲೆ ಬಾರದೆ ಇರುವವರೂ ಅಲ್ಲ."

ಜಡ್ಜರು ಬರೆದುಕೊಂಡರು. ಭಾವ ಕೂರಲಿಲ್ಲ.

"ಮತ್ತೇನ್ರೀ?"

"ಊಟದ ವ್ಯವಸ್ಥೆ ಎಲ್ಲಿ ಅಂತ ಯಾರೂ ಹೇಳಲಿಲ್ಲ."

ರಿಸೀವರರ ಭಾಷಣ

ದಿವಾಳಿ ಎಂದು ಘೋಷಣೆ ಆಯಿತು. ದಿವಾಳಿಯಾದವನ ಸೊತ್ತನ್ನು ವಶಕ್ಕೆ ಪಡೆದು ಮಾರುವುದಕ್ಕೆ ಕೋರ್ಟು ಒಬ್ಬರನ್ನು ನೇಮಿಸುತ್ತದೆ. ಅವರಿಗೆ ರಿಸೀವರ್ ಎಂದು ಹೆಸರು. ನಮ್ಮ ರಿಸೀವರರು ಇನ್ನೊಬ್ಬ ಹಿರಿಯ ವಕೀಲರು, ಕರಿ ಕೋಟು ಕಳಚದವರು. ಅವರು ಮೈಕಿನವರ ಶೆಡ್ಡಿಗೆ ಸಾಮಾನು ನೋಡಲು ಬಂದರು. ಜೊತೆಗೆ ನಾನು. ಫೈನಾನ್ಸಿನ ಯಜಮಾನನೂ ಕಾರಿನಲ್ಲಿ ಬಂದಿದ್ದ, ಏನಾದರೂ ಅಡಗಿಸಿಟ್ಟಿದ್ದಾರಾ ಎಂದು ನೋಡಲಿಕ್ಕೆ.

ದೊಡ್ಡ ಬಾಕ್ಸುಗಳದ್ದು ಬರೆದಾಯಿತು. ಒಂದು ಹಳೆಯ ಆಂಪ್ಲಿಫೈಯರ್, ಒಂದು ಮೈಕು, ಎರಡು ಕೊಂಬಿನ ಹಾರ್ನು ಉಳಿದವು. ಇವು ಹೊಟ್ಟೆಪಾಡಿನ ಕಸುಬಿನ ಸಾಮಾನು, ಮುಟ್ಟುವ ಹಾಗಿಲ್ಲ ಎಂದು ಮೇಡಂ ಕೋರ್ಟಿನಲ್ಲಿ ಮೊದಲೇ ಹೇಳಿದ್ದರು. ರಿಸೀವರರು ಕೇಳಿದರು, "ಇದು ಕೆಲಸ ಮಾಡ್ತದಾ?"

ಮೈಕಿನವರಿಗೆ ಅಷ್ಟು ಸಾಕಾಯಿತು. ಸ್ವಿಚ್ಚು ಹಾಕಿದರು. "ಹಲೋ, ಹಲೋ... ಮೈಕ್ ಟೆಸ್ಟಿಂಗ್..."

ಕೊಂಬಿನ ಬಾಯಿ ಗುಡ್ಡದ ಕಡೆಗಿತ್ತು. ನಮ್ಮ ಊರಿನಲ್ಲಿ ಮೈಕಿನ ಶಬ್ದ ಕೇಳಿದರೆ ಜನ ಮೊದಲು ಅಂಗಿ ಹಾಕುತ್ತಾರೆ, ಎಂತದ್ದು ಎಂದು ಆಮೇಲೆ ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಯುವಕ ಮಂಡಲದವರು ಕುರ್ಚಿ ತಂದರು. ಕೋಟು ಹಾಕಿದ ಮನುಷ್ಯರೊಬ್ಬರು ಇದ್ದಾರೆ, ಕಾರಿನಲ್ಲಿ ಬಂದವರೊಬ್ಬರು ಇದ್ದಾರೆ, ಮೈಕು ಆನ್ ಆಗಿದೆ. ಇನ್ನು ಸಭಾ ಕಾರ್ಯಕ್ರಮಕ್ಕೆ ಎಂತ ಕಡಿಮೆ? ರಿಸೀವರರನ್ನು ಕೈ ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಫೈನಾನ್ಸಿನವನನ್ನು ಬಲಗಡೆ. ಒಬ್ಬ ಹುಡುಗಿ ಪ್ರಾರ್ಥನೆ ಹಾಡಿಯೂ ಆಯಿತು.

"ನಾನು ಜಪ್ತಿಗೆ ಬಂದದ್ದು ಮಾರಾಯ್ರೆ" ಎಂದು ರಿಸೀವರರು ಪಿಸುಗುಟ್ಟಿದರು.

"ಪರ್ವಾಗಿಲ್ಲ ಸಾರ್. ಅದರ ಬಗ್ಗೆಯೇ ಎರಡು ಮಾತು ಹೇಳಿ."

ವಕೀಲರ ಕೈಗೆ ಮೈಕು ಕೊಟ್ಟವರು ಆಮೇಲೆ ದೂರಬಾರದು. ಅವರು ದಿವಾಳಿ ಕಾನೂನಿನ ಹುಟ್ಟು ಬೆಳವಣಿಗೆಯ ಬಗ್ಗೆ ಸಂಜೆಯ ಬಸ್ಸು ಹೋಗುವವರೆಗೆ ಮಾತಾಡಿದರು. ನಾನೂ ಮೈಕು ಹಿಡಿದು ಬಡ್ಡಿಯವರಿಗೆ ಚೆನ್ನಾಗಿ ಬೈದೆ. ಫೈನಾನ್ಸಿನವ ವೇದಿಕೆಯ ಮೇಲಿದ್ದುದರಿಂದ ಎದ್ದು ಹೋಗಲೂ ಆಗದೆ ಮುಗುಳ್ನಗುತ್ತಾ ಕೂತಿದ್ದ.

ಕೊನೆಗೆ ಯುವಕ ಮಂಡಲದ ಕಾರ್ಯದರ್ಶಿ ವಂದನಾರ್ಪಣೆಗೆ ಬಂದ. ಎಲ್ಲರನ್ನೂ ನೆನೆದು ಕೊನೆಗೆ ಹೇಳಿದ: "ನಮ್ಮ ಮೈಕಿನವರಿಗೆ ಸಕಾಲದಲ್ಲಿ ಸಾಲ ಕೊಟ್ಟು ಇಂದಿನ ಈ ಕಾರ್ಯಕ್ರಮಕ್ಕೆ ಕಾರಣರಾದ ಫೈನಾನ್ಸಿನ ಯಜಮಾನರಿಗೆ ಜೋರಾದ ಚಪ್ಪಾಳೆ!"

ಐವತ್ತು ರೂಪಾಯಿ

ದೊಡ್ಡ ಬಾಕ್ಸುಗಳು ಏಲಂ ಆದವು. ಬಂದದ್ದನ್ನು ಹಂಚಿದರು. ಇನ್ನು ಬಿಡುಗಡೆಯ ಅರ್ಜಿ ಒಂದು ಬಾಕಿ. ಆಗ ಮೇಡಂ ಇವರನ್ನು ಕರೆದು ಹೇಳಿದರು:

"ಒಂದು ವಿಷಯ ಮಂಡೆಯಲ್ಲಿ ಇರ್ಲಿ. ಬಿಡುಗಡೆ ಆಗುವವರೆಗೆ ಯಾರ ಹತ್ತಿರವಾದರೂ ಐವತ್ತು ರೂಪಾಯಿ, ಅದಕ್ಕಿಂತ ಜಾಸ್ತಿ ಸಾಲ ತಕ್ಕೊಳ್ಳುದಿದ್ದರೆ, ನಾನು ಬಿಡುಗಡೆಯಾಗದ ದಿವಾಳಿ ಅಂತ ಮೊದಲು ಅವರಿಗೆ ಹೇಳ್ಬೇಕು. ಹೇಳದೆ ತಕ್ಕೊಂಡರೆ ಜೈಲು. ಫೈನಾನ್ಸಿನವ ಅದನ್ನೇ ಕಾಯ್ತಿದ್ದಾನೆ."

"ಐವತ್ತೇ?"

"ಐವತ್ತೇ. ಆ ಕಾಲದ ಐವತ್ತು."

ಆ ಕಾಲದಲ್ಲಿ ಐವತ್ತು ರೂಪಾಯಿಗೆ ಒಂದು ಹಸು ಬರುತ್ತಿತ್ತೋ ಏನೋ. ಈಗ ಐವತ್ತು ರೂಪಾಯಿಗೆ ನಾಲ್ಕು ಜನ ಚಾ ಕುಡಿದು ಎದ್ದೇಳಲಾಗುವುದಿಲ್ಲ. ಕೋಟಿ ನುಂಗಿದವನನ್ನು ‘ತಾವು ಕೂತುಕೊಳ್ಳಿ’ ಎನ್ನುವ ದೇಶ ಒಬ್ಬ ಮೈಕಿನವನ ಚಾ ಜೊತೆಯ ಗೋಳಿಬಜೆಗೆ ಕಾವಲು ಕೂತಿದೆ. ಇರಲಿ.

ತೊಂದರೆ ಏನೆಂದರೆ, ನಮ್ಮ ಕಡೆ ಸಾಲ ಕೇಳುವುದೇ ಬೇಡ. ತಾನಾಗಿ ಬಂದು ಮೈಮೇಲೆ ಬೀಳುತ್ತದೆ. ಕೈಯಲ್ಲಿ ನೋಟು ಹಿಡಿದು ನಿಂತರೂ ಅಂಗಡಿಯವ ‘ಇರ್ಲಿ, ಮತ್ತೆ ಕೊಡಿ, ಚಿಲ್ಲರೆ ಇಲ್ಲ’ ಎನ್ನುತ್ತಾನೆ. ಮರುದಿನವೇ ಕಡಬದಲ್ಲಿ ಮೀನು ಮಾರುವ ಬ್ಯಾರಿ ಇವರ ಚೀಲಕ್ಕೆ ಬೂತಾಯಿ ಮೀನು ಸುರಿದು "ಹಣ ನಾಳೆ ಕೊಡಿ" ಎಂದರು.

ಮೈಕಿನವರು ಚೀಲ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ನಾನು ಬಿಡುಗಡೆಯಾಗದ ದಿವಾಳಿ" ಎಂದರು.

ಬ್ಯಾರಿ ಗಾಬರಿಯಾದರು. "ಯಾವಾಗಿಂದ? ಡಾಕ್ಟ್ರು ಎಂತ ಹೇಳಿದ್ರು? ಮೀನು ತಿನ್ನಬಹುದಾ?"

ವಿವರಿಸಿದ ಮೇಲೆ ಇನ್ನೂ ಎರಡು ಹಿಡಿ ಬೂತಾಯಿ ಸೇರಿಸಿದರು. "ಹೇಳದೆ ಓಡಿ ಹೋದವರು ಈ ಪೇಟೆಯಲ್ಲಿ ಎಷ್ಟು ಜನ ಇಲ್ಲ! ಬಾಯಿಬಿಟ್ಟು ಹೇಳಿದವರು ನೀವೊಬ್ಬರೇ. ತಕ್ಕೊಂಡು ಹೋಗಿ."

ಎಲ್ಲ ಕಡೆಯೂ ಹೀಗೇ ಆಯಿತು. ದಿವಾಳಿ ಎಂದು ಹೇಳಿದಷ್ಟೂ ಸಾಲ ಜಾಸ್ತಿ ಸಿಗತೊಡಗಿತು. ಬಸ್ಸಿನಲ್ಲಿ ಮಾತ್ರ ಉಲ್ಟಾ. ಕಂಡಕ್ಟರು ಚಿಲ್ಲರೆ ಇಲ್ಲ, ಇಳಿಯುವಾಗ ಕೊಡ್ತೇನೆ ಎಂದ. ಇವರು ಪ್ರಾಮಾಣಿಕವಾಗಿ ಹೇಳಿದರು: "ನಾನು ದಿವಾಳಿ. ನೀವು ನನಗೆ ಕೊಡ್ಲಿಕ್ಕೆ ಬಾಕಿ ಅಂದರೆ ಅದು ಕೋರ್ಟಿನ ಸೊತ್ತು. ರಿಸೀವರರಿಗೆ ತಿಳಿಸ್ಬೇಕಾಗ್ತದೆ. ಅವರು ಕೋಟು ಹಾಕಿಕೊಂಡು ಬರ್ತಾರೆ."

ಆ ಲೈನಿನಲ್ಲಿ ಚಿಲ್ಲರೆ ಆ ಕ್ಷಣವೇ ವಾಪಸು ಸಿಕ್ಕಿದ್ದು ಅದೇ ಮೊದಲು.

ಪ್ರಚಾರ

ಒಬ್ಬೊಬ್ಬರಿಗೆ ಹೇಳಿ ಹೇಳಿ ಮೈಕಿನವರು ಸೋತುಹೋದರು. ಒಂದು ದಿನ ಮೇಡಂ ಗೌನು ಸಿಕ್ಕಿಸಿಕೊಂಡು ಕೋರ್ಟಿಗೆ ಓಡುತ್ತಿದ್ದಾಗ ಎದುರು ನಿಂತು ಕೇಳಿದರು: "ಮೇಡಂ, ಬೇರೆ ಬೇರೆ ಹೇಳುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳಿದರೆ ಆಗುದಿಲ್ವಾ?"

"ಆಗ್ತದೆ. ಎಲ್ಲರಿಗೂ ಕೇಳಬೇಕು ಅಷ್ಟೇ" ಎಂದು ಹೇಳಿ ಮೇಡಂ ಒಳಗೆ ಹೋದರು.

ಎಲ್ಲರಿಗೂ ಕೇಳುವ ಹಾಗೆ ಹೇಳುವುದು ಹೇಗೆ ಎಂದು ಮೈಕಿನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಠಾಣೆಗೆ ಹೋಗಿ ಪ್ರಚಾರಕ್ಕೆ ಪರ್ಮಿಷನ್ ಕೇಳಿದರು. "ಮುಖ್ಯ ಅತಿಥಿ ಯಾರು?" ಎಂದು ಪೊಲೀಸರು ಕೇಳಿದರಂತೆ. "ನಾನೇ" ಎಂದರಂತೆ.

ಸೋಮವಾರ ಬೆಳಿಗ್ಗೆ ಪುತ್ತೂರಿನ ಪೇಟೆಗೆ ಒಂದು ಆಟೋ ನುಗ್ಗಿತು. ಮೇಲೆ ಎರಡು ಕೊಂಬು. ಒಳಗೆ ಮೈಕಿನವರು, ಪಕ್ಕದಲ್ಲಿ ನಾನು.

"ಆತ್ಮೀಯ ವ್ಯಾಪಾರಿ ಬಂಧುಗಳೇ! ತಾಯಂದಿರೇ! ಯುವಕ ಮಿತ್ರರೇ! ದಯವಿಟ್ಟು ಇತ್ತ ಗಮನಿಸಿ! ನಿಮ್ಮೆಲ್ಲರ ಅಚ್ಚುಮೆಚ್ಚಿನ ಕಡಬದ ಮೈಕಿನವನಾದ ನಾನು, ಮಾನ್ಯ ನ್ಯಾಯಾಲಯದ ಆದೇಶದಂತೆ, ಬಿಡುಗಡೆಯಾಗದ ದಿವಾಳಿಯಾಗಿರುತ್ತೇನೆ! ಹೌದು ಬಂಧುಗಳೇ, ಬಿಡುಗಡೆಯಾಗದ ದಿವಾಳಿ! ಐವತ್ತು ರೂಪಾಯಿ ಮತ್ತು ಮೇಲ್ಪಟ್ಟು ಸಾಲ ಕೊಡಲಿಚ್ಛಿಸುವ ಸಹೃದಯರು ಈ ವಿಷಯವನ್ನು ತಿಳಿದುಕೊಂಡೇ ಕೊಡತಕ್ಕದ್ದು! ತಾವೆಲ್ಲರೂ ಸಕುಟುಂಬಿಕರಾಗಿ ಸಹಕರಿಸಬೇಕಾಗಿ ವಿನಂತಿ!"

ಪೇಟೆ ನಿಂತುಬಿಟ್ಟಿತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವರು ಹೊರಗೆ ಬಂದರು. ಕೋರ್ಟು ರಸ್ತೆಯಲ್ಲಿ ಒಂದು ಸುತ್ತು ಆಯಿತು. ಎರಡನೇ ಸುತ್ತಿನಲ್ಲಿ ಮೈಕಿನವರಿಗೆ ಹುರುಪು ಏರಿತ್ತು, ರಾಗ ಸೇರಿಸಿ ಹೇಳುತ್ತಿದ್ದರು. "ಮಾನ್ಯ ನ್ಯಾಯಾಲಯದ ಆದೇಶದಂತೆ, ಬಿಡುಗಡೆಯಾಗದ..." ಎಂದು ಎಳೆದರು ನೋಡಿ, ಬ್ಯಾಟರಿ ಸತ್ತಿತು.

ಆಟೋ ನಿಂತದ್ದು ಸರಿಯಾಗಿ ಒಂದು ಬ್ಯಾಟರಿ ಅಂಗಡಿಯ ಎದುರು. ಅಂಗಡಿಯವ ಕೇಳುವ ಮೊದಲೇ ಹೊಸ ಬ್ಯಾಟರಿ ಹೊತ್ತುಕೊಂಡು ಓಡಿ ಬಂದ, ತಾನೇ ವಯರು ಸಿಕ್ಕಿಸಿದ, "ಹಣ ಮತ್ತೆ ನೋಡುವ, ನೀವು ಮುಂದುವರಿಸಿ" ಎಂದ. ಮೈಕಿನವರು ಮುಂದುವರಿಸಿದರು: "...ದಿವಾಳಿಯಾಗಿರುತ್ತೇನೆ!"

ಅಷ್ಟರಲ್ಲಿ ಕೋರ್ಟಿನ ಗೇಟಿನಿಂದ ಮೇಡಂ ಗೌನು ಹಾರಿಸುತ್ತಾ ಓಡಿ ಬಂದರು. ನಾವು ಹೊಗಳಿಸಿಕೊಳ್ಳಲು ತಯಾರಾಗಿ ಆಟೋದಿಂದ ಇಳಿದೆವು. ಮೇಡಂ ಏದುಸಿರು ಬಿಡುತ್ತಾ ಹೇಳಿದರು:

"ಸಾಲ ಕೊಡುವವರಿಗೆ ಹೇಳಿ ಅಂದದ್ದು ನಾನು. ಇದನ್ನು ಕೇಳಿ ಒಳಗೆ ನನ್ನ ಬಾಕಿ ಕಕ್ಷಿದಾರರೆಲ್ಲ ನಮಗೂ ಹೀಗೆ ಆಟೋ ಉಂಟಾ ಅಂತ ಕೇಳ್ತಿದ್ದಾರೆ!"

ಸಾಕ್ಷಿ

ಫೈನಾನ್ಸಿನ ಯಜಮಾನ ಸುಮ್ಮನಿರಲಿಲ್ಲ. ಬಿಡುಗಡೆ ಅರ್ಜಿಗೆ ಆಕ್ಷೇಪ ಹಾಕಿದ. ಬ್ಯಾಟರಿಯ ಬೆಲೆ ಐವತ್ತಕ್ಕಿಂತ ಜಾಸ್ತಿ. ಅದನ್ನು ಸಾಲಕ್ಕೆ ತೆಗೆದದ್ದು ಹೌದು. ತೆಗೆಯುವ ಮೊದಲು ದಿವಾಳಿ ಎಂಬ ಶಬ್ದವನ್ನು ಹೇಳಿರಲಿಲ್ಲ. ಆದ್ದರಿಂದ ಇದು ಅಪರಾಧ, ಬಿಡುಗಡೆ ಕೊಡಬಾರದು, ಜೈಲಿಗೆ ಕಳಿಸಬೇಕು. ಬ್ಯಾಟರಿ ಅಂಗಡಿಯವನನ್ನೇ ಸಾಕ್ಷಿಗೆ ತಂದು ನಿಲ್ಲಿಸಿದ. ಪಾಪ, ಅವನ ಅಂಗಡಿಗೂ ಅದೇ ಫೈನಾನ್ಸಿನ ಸಾಲ ಇತ್ತು.

ವಿಚಾರಣೆಯ ದಿನ ಮೈಕಿನವರ ಮುಖದಲ್ಲಿ ರಕ್ತ ಇರಲಿಲ್ಲ. "ಜೈಲಾದರೆ ನನ್ನ ಹೆಂಡತಿಗೆ ನೀವೇ ಹೇಳ್ಬೇಕು" ಎಂದು ನನ್ನ ಕೈ ಹಿಡಿದುಕೊಂಡರು. ಊರಿಗೆಲ್ಲ ಕೇಳುವ ಸ್ವರ ಅವತ್ತು ಪಕ್ಕದಲ್ಲೇ ನಿಂತ ನನಗೂ ಸರಿಯಾಗಿ ಕೇಳಿಸಲಿಲ್ಲ.

ಫೈನಾನ್ಸಿನ ವಕೀಲರು ಸಾಕ್ಷಿಯನ್ನು ಕೇಳಿದರು, "ನೀವು ಬ್ಯಾಟರಿ ಕೊಡುವ ಮೊದಲು ಈ ಮನುಷ್ಯ ಹೇಳಿದ ಕೊನೆಯ ಶಬ್ದ ಯಾವುದು?"

"ಬಿಡುಗಡೆಯಾಗದ."

"ಅಷ್ಟೇ?"

"ಅಷ್ಟೇ."

"ದಿವಾಳಿ ಎಂಬ ಶಬ್ದ ಬಂದದ್ದು ಯಾವಾಗ?"

"ಬ್ಯಾಟರಿ ಸಿಕ್ಕಿಸಿದ ಮೇಲೆ."

ವಕೀಲರು ಜಡ್ಜರ ಕಡೆಗೆ ತಿರುಗಿ ಕೈ ಚಾಚಿದರು. "ನೋಡಿ ಸ್ವಾಮಿ. ಬಿಡುಗಡೆಯಾಗದ ಅಂತ ಮಾತ್ರ ಹೇಳಿದರೆ ಎಂತ ಬೇಕಾದರೂ ಆಗಬಹುದು. ಬಿಡುಗಡೆಯಾಗದ ಸಿನಿಮಾ ಇರಬಹುದು. ಆ ಎರಡು ಶಬ್ದಗಳ ನಡುವೆ ಸಾಲ ಆಗಿಹೋಗಿದೆ!"

ನಾನು ಬಾಯಿ ತೆರೆದೆ. ಮೇಡಂ ತಿರುಗಿ ನೋಡಿದರು. ಮುಚ್ಚಿದೆ.

ಮೇಡಂ ನಿಧಾನಕ್ಕೆ ಎದ್ದರು. "ಅದು ಆಟೋದ ಎಷ್ಟನೇ ಸುತ್ತು?"

"ಎರಡನೇದು ಮೇಡಂ."

"ಮೊದಲನೇ ಸುತ್ತಿನಲ್ಲಿ ಅಂಗಡಿಯಲ್ಲಿ ಇದ್ರಾ?"

ಅಂಗಡಿಯವ ಫೈನಾನ್ಸಿನ ಯಜಮಾನನ ಮುಖ ನೋಡಿದ. ಆಮೇಲೆ ಮೈಕಿನವರ ಮುಖ ನೋಡಿದ. "ಇದ್ದೆ."

"ಪೂರ್ತಿ ಕೇಳಿದ್ರಾ?"

"ಕೇಳಿದ್ದೆ. ದಿವಾಳಿ, ಐವತ್ತು ರೂಪಾಯಿ, ಸಕುಟುಂಬಿಕರಾಗಿ, ಎಲ್ಲ ಕೇಳಿದ್ದೆ."

"ಮತ್ತೆ ಎಲ್ಲ ಗೊತ್ತಿದ್ದ ಮೇಲೆ, ಕೇಳದೆಯೇ ಬ್ಯಾಟರಿ ಹೊತ್ತುಕೊಂಡು ಓಡಿದ್ದು ಯಾಕೆ?"

ಅಂಗಡಿಯವ ನಾಚಿಕೆಯಿಂದ ತಲೆ ಕೆರೆದುಕೊಂಡ. "ಎರಡನೇ ಸಲ ರಾಗದಲ್ಲಿ ಹೇಳ್ತಿದ್ರು ಮೇಡಂ. ಅರ್ಧಕ್ಕೆ ನಿಂತರೆ ಯಾರಿಗಾದರೂ ಬೇಜಾರಾಗುದಿಲ್ವಾ?"

ಜಡ್ಜರು ಮುಖಕ್ಕೆ ಕಡತ ಅಡ್ಡ ಹಿಡಿದುಕೊಂಡರು. ಕಡತ ಸ್ವಲ್ಪ ಹೊತ್ತು ಅಲುಗುತ್ತಿತ್ತು. ಕೆಳಗಿಟ್ಟ ಮೇಲೆ ಗಂಭೀರವಾಗಿ ಹೇಳಿದರು: "ಮೊದಲ ಸುತ್ತಿನಲ್ಲೇ ಸಾಕ್ಷಿಗೆ ವಿಷಯ ತಿಳಿದಿತ್ತು. ಆಕ್ಷೇಪ ವಜಾ."

ಬಿಡುಗಡೆ ಆರ್ಡರ್ ಆಯಿತು. ಮೈಕಿನವರು ಕಟಕಟೆಯ ಕಂಬ ಹಿಡಿದು ಒಂದು ನಿಮಿಷ ಹಾಗೇ ನಿಂತರು. ಮತ್ತೆ ಮೇಡಂಗೆ ಕೈ ಮುಗಿದರು. ಆಗ ಅವರು ಏನೂ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊರಗೆ ಬಂದ ಮೇಲೆ ದನಿ ವಾಪಸು ಬಂತು. ನಮ್ಮನ್ನೆಲ್ಲ ಎಳೆದುಕೊಂಡು ಕೋರ್ಟಿನ ಎದುರಿನ ಹೋಟ್ಲಿಗೆ ನುಗ್ಗಿದರು. ಬ್ಯಾಟರಿ ಅಂಗಡಿಯವನನ್ನೂ ಬಿಡಲಿಲ್ಲ. ಗೋಳಿಬಜೆ, ಬನ್ಸು, ಚಾ, ಮತ್ತೊಂದು ಸುತ್ತು ಚಾ. ಎದ್ದು ಗಲ್ಲಾದ ಹತ್ತಿರ ಹೋಗಿ ಎಂದಿನ ಹಾಗೆ ಶುರುಮಾಡಿದರು, "ಲೆಕ್ಕಕ್ಕೆ ಬರೆದುಕೊಳ್ಳಿ. ನಾನು ಬಿಡುಗಡೆಯಾಗದ..." ಎಂದವರು ನಿಲ್ಲಿಸಿ, ಎದೆ ಸೆಟೆಸಿ, ಇಡೀ ಹೋಟ್ಲಿಗೆ ಕೇಳುವ ಹಾಗೆ ಹೇಳಿದರು: "ಅಲ್ಲ! ಬಿಡುಗಡೆ ಆಯ್ತು!"

ಕೇಸು ನಡೆದಷ್ಟು ಕಾಲವೂ ಇವರಿಗೆ ಚಕಾರ ಎತ್ತದೆ ಸಾಲ ಬರೆದುಕೊಂಡವರು ಆ ಹೋಟ್ಲಿನ ಭಟ್ಟರು. ಅವರು ಪೆನ್ನು ಕೆಳಗಿಟ್ಟರು.

"ಸಂತೋಷ ಮಾರಾಯ್ರೆ. ಅಂದರೆ ಇನ್ನು ಸಾಲ ತಕ್ಕೊಳ್ಳುವಾಗ ನಿಮ್ಮ ಕೈಯಲ್ಲಿ ಉಂಟಾ ಇಲ್ವಾ ಅಂತ ನಮಗೆ ಹೇಳ್ಬೇಕು ಅಂತ ಇಲ್ಲ?"

"ಇಲ್ಲವೇ ಇಲ್ಲ! ಯಾರಿಗೂ ಎಂತದ್ದೂ ಹೇಳ್ಬೇಕಾಗಿಲ್ಲ!"

"ಹಾಗಾದರೆ ನೀವೂ ಉಳಿದವರ ಹಾಗೆ ಆದ್ರಿ" ಎಂದರು ಭಟ್ಟರು. "ನಗದು ಇಡಿ."